ಐದನೇ ವಸಂತದ ಓಕೊ
ನಮ್ಮ ಫ್ರೀಸ್‌ಲ್ಯಾಂಡಿನ ಕಡಲಂಚಿನಲ್ಲಿ ಓಕೊನ ಹಾಗೆ ಹುಲ್ಲಿನ ಮೇಲೆ ಜೀವ ಇಟ್ಟ ಗೋಧಿ ಬೆಳೆಗಾರನನ್ನು ನಾನಂತೂ ಕಂಡಿಲ್ಲ. ಚಹಾಕ್ಕೆ ಕೆನೆ ಬಿಡುವಾಗಲೂ ಅವನ ಕಣ್ಣು ಕಿಟಕಿಯಾಚೆ, ಒಡ್ಡಿನ ಪಕ್ಕದ ಜೌಗು ಹೊಲದ ಮೇಲೆಯೇ. ಗೋಧಿ ಕೊಳೆತುಹೋಗುವ ಆ ನೆಲಕ್ಕೆ ಹುಲ್ಲು ಬಿತ್ತಿ, ನನ್ನ ಹಸುಗಳಿಗೆ ಮಾರುತ್ತಾನೆ. ಚಿಗುರಿದಾಗ ಮೊಮ್ಮಗಳ ತಲೆಯಂತೆ ಸವರುತ್ತಾನೆ, ಅಡ್ಡದಾರಿ ಹಿಡಿದು ತುಳಿದ ಅಂಚೆಯವನನ್ನು ವಾರಗಟ್ಟಲೆ ಬೈಯುತ್ತಾನೆ. ಐದನೇ ವಸಂತ ಬಂತೆಂದರೆ ತಾನೇ ಅಷ್ಟನ್ನೂ ಉತ್ತು ಮಗುಚಿಹಾಕಿ, ಮತ್ತೆ ಅದೇ ಹುಲ್ಲಿನ ಬೀಜ ಚೆಲ್ಲುತ್ತಾನೆ. "ತಲೆ ಕೆಟ್ಟಿದ್ಯೇನೋ ಮಾರಾಯ?" ಎಂದರೆ ಉತ್ತರ ಸಿದ್ಧ: "ಐದು ವರ್ಷ ಉಳದೆ ಬಿಟ್ರೆ ಅದು ಕಾಯಂ ಹುಲ್ಲುಗಾವಲು ಅಂತಾರಪ್ಪ, ಸಹಾಯಧನ ಕೊಡೋರು. ಪರಿಸರ ಕಾಪಾಡ್ಬೇಕಂತೆ. ಆಮೇಲೆ ನನ್ನ ಮೊಮ್ಮಗಳೂ ಅಲ್ಲಿ ನೇಗಿಲು ಇಳಿಸೋ ಹಾಗಿಲ್ಲ, ನೆಲದ ಬೆಲೆನೂ ಅರ್ಧಕ್ಕೆ ಬೀಳುತ್ತೆ." "ಹೇಗೂ ನೀನು ಬೆಳೆಯೋದು ಹುಲ್ಲೇ ಅಲ್ವೇನೋ?" "ಹುಲ್ಲೇ. ಆದ್ರೂ ಕಾಗದದಲ್ಲಿ ಹೊಲ ಅಂತ ಇರ್ಬೇಕಲ್ಲ" ಎಂದು ಬಟ್ಟಲು ಬರಿದು ಮಾಡುತ್ತಾನೆ. ಉಳುವ ದಿನ ಮಾತ್ರ ಗೇಟಿನ ಹತ್ತಿರವೇ ಕಿವಿಗೆ ದಪ್ಪ ಮುಚ್ಚಳ ಏರಿಸಿಕೊಳ್ಳುತ್ತಾನೆ. ಟ್ರಾಕ್ಟರಿನ ಸದ್ದಿಗೆ ಅನ್ನುತ್ತಾನೆ, ಆದರೆ ಅವನ ಹೊಸ ಟ್ರಾಕ್ಟರಿನ ಗಾಜಿನ ಗೂಡಿನೊಳಗೆ ರೇಡಿಯೊದ ಪಿಸುಮಾತೂ ಕೇಳಿಸುತ್ತದೆ. ಆ ಹುಲ್ಲಿನಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭ ಹಕ್ಕಿಗಳು ನೇಗಿಲಿನ ಮುಂದೆ ಮುಂದೆ ಹಾರುತ್ತ ಕೂಗುತ್ತವೆ. ಹೊಲವೆಲ್ಲ ಕಪ್ಪಾಗಿ, ಕೂಗೂ ನಿಂತು, ಮನೆಗೆ ಬಂದು ಚಹಾಕ್ಕೆ ಕೂತ ಮೇಲೂ ಓಕೊ ಆ ಮುಚ್ಚಳ ತೆಗೆಯುವುದಿಲ್ಲ.