ಕುಂಬಳಕಾಯಿಗೆ ಮೊದಲ ಗೀರು

ಗುರುವಾರ ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಶಾಂತಾದೇವಿ ಚನ್ನಗಿರಿಯ ತಮ್ಮ ಅಡುಗೆಮನೆಯಲ್ಲಿ ದೊಡ್ಡ ಚಾಕು ಹಿಡಿದು ಒಂದು ಬೂದಗುಂಬಳಕಾಯಿಯ ಮುಂದೆ ಸುಮ್ಮನೆ ನಿಂತಿದ್ದರು. ಕಾಯಿಯ ಮೇಲಿನ ಬೂದಿ ಒರೆಸಿಯಾಗಿತ್ತು. ಸುಣ್ಣದ ತಿಳಿನೀರು ಸಿದ್ಧವಿತ್ತು. ಸಕ್ಕರೆ ಅಳೆದಿಟ್ಟಿದ್ದರು, ಲವಂಗ, ಏಲಕ್ಕಿ, ಹಸಿಶುಂಠಿ ತಟ್ಟೆಯಲ್ಲಿದ್ದವು. ಇಲ್ಲದೇ ಇದ್ದದ್ದು ಒಬ್ಬ ಗಂಡಸು.

"ರೀ! ಬರ್ತೀರೋ ಇಲ್ಲೋ?"

"ಬಂದೆ, ಬಂದೆ" ಎಂದು ಜಗಲಿಯಿಂದ ಗಂಡ ಮರುಳಪ್ಪನವರ ದನಿ ಬಂತು. ದನಿ ಮಾತ್ರ ಬಂತು.

ಇಡೀ ಬೂದಗುಂಬಳವನ್ನು ಹೆಂಗಸರು ಕೊಯ್ಯಬಾರದು, ಮೊದಲ ಗೀರು ಗಂಡಸಿನದೇ ಆಗಬೇಕು. ಆ ಒಂದು ಗೀರು ಬಿದ್ದರೆ ಸಾಕು; ಹೋಳು ಮಾಡುವುದು, ಸಿಪ್ಪೆ ಹೆರೆಯುವುದು, ತಿರುಳು ತೆಗೆಯುವುದು, ಚುಚ್ಚುವುದು, ಬೇಯಿಸುವುದು, ಆಮೇಲೆ ಪಾತ್ರೆ ತಿಕ್ಕುವುದು, ಇವುಗಳಲ್ಲಿ ಯಾವುದಕ್ಕೂ ಯಾರ ಅಡ್ಡಿಯೂ ಇಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆ ಇದನ್ನು ಹೇಳಿಕೊಟ್ಟಿದ್ದರು. ಯಾಕೆ ಎಂದು ಕೇಳಿದಾಗ, ಯಾಕೆ ಎಂದು ಕೇಳಬಾರದು ಎಂಬುದನ್ನೂ ಹೇಳಿಕೊಟ್ಟಿದ್ದರು. ಅತ್ತೆ ತೀರಿಹೋಗಿ ಬಹಳ ಕಾಲವಾಗಿತ್ತು. ಕಾಯುವುದು ಮಾತ್ರ ಉಳಿದುಕೊಂಡಿತ್ತು.

ಮೊದಲೆಲ್ಲ ಮರುಳಪ್ಪ ಮಂಡಿಗೆ ಹೊರಡುವ ಅವಸರದಲ್ಲಿ ಒಂದು ಕೈಯಲ್ಲಿ ಸ್ಕೂಟರಿನ ಕೀಲಿ ಹಿಡಿದೇ ಕಾಯಿಗೆ ಒಂದು ಏಟು ಹಾಕಿ ಹೋಗುತ್ತಿದ್ದರು. ಈ ಯುಗಾದಿಗೆ ಅಡಿಕೆ ಮಂಡಿಯನ್ನು ತಮ್ಮ ಸತೀಶ್ ಕುಮಾರನಿಗೆ ಒಪ್ಪಿಸಿ ಮನೆಯಲ್ಲಿ ಕೂತರು. ಮನೆಯಲ್ಲೇ ಇರುವ ಗಂಡಸು ಬೇಗ ಸಿಗುತ್ತಾನೆ ಎಂದು ಶಾಂತಾದೇವಿ ಅಂದುಕೊಂಡಿದ್ದರು. ಆದದ್ದು ಬೇರೆ. ಕರೆದರೆ ಬರುತ್ತಿರಲಿಲ್ಲ, ಕರೆಯದಿದ್ದಾಗ ಬಂದು ಸಹಾಯ ಮಾಡುತ್ತಿದ್ದರು. ಸಹಾಯದ ಕಾಟವೇ ದೊಡ್ಡದು. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿದರು, ನೋಡಲು ಚಂದವಾಗಿಯೇ ಇತ್ತು, ಜೀರಿಗೆ ಮಾತ್ರ ಸಂಜೆಯವರೆಗೆ ಸಿಗಲಿಲ್ಲ. ಇನ್ನೊಂದು ದಿನ ಕುಕ್ಕರಿನ ಸೀಟಿ ತೊಳೆದು ಒಣಗಿಸಲು ಇಟ್ಟರು. ಎಲ್ಲಿಟ್ಟೆ ಎಂಬುದು ಅವರಿಗೂ ನೆನಪಿಲ್ಲ.

ಬೇರೆ ದಿನವಾಗಿದ್ದರೆ ಶಾಂತಾದೇವಿ ಕಾಯುವ ಹೊತ್ತಿಗೆ ಪಲ್ಯವನ್ನಾದರೂ ಮಾಡಿ ಮುಗಿಸುತ್ತಿದ್ದರು. ಇವತ್ತು ಹಾಗಲ್ಲ. ಹೊನ್ನಾಳಿಯಲ್ಲಿರುವ ಮಗಳು ಸಂಧ್ಯಾರಾಣಿಗೆ ಐದು ತಿಂಗಳು. ತಿಂದದ್ದು ನಿಲ್ಲುತ್ತಿರಲಿಲ್ಲ. ಗಂಜಿ ವಾಂತಿ, ಎಳನೀರು ವಾಂತಿ, ಕೊನೆಗೆ ಒಗ್ಗರಣೆಯ ವಾಸನೆಗೂ ವಾಂತಿ. ತೂಕ ಏರಿಲ್ಲ ಎಂದು ಡಾಕ್ಟರು ಮುಖ ಸಪ್ಪಗೆ ಮಾಡಿದ್ದರಂತೆ. ಮೊದಲಿನಿಂದಲೂ ಅದು ಬೇಕು ಇದು ಬೇಕು ಎನ್ನದ ಹುಡುಗಿ. ಶಾಲೆಗೆ ಹೋಗುವಾಗ ಚಪ್ಪಲಿ ಕಿತ್ತುಹೋದರೂ ಪಿನ್ನು ಚುಚ್ಚಿಕೊಂಡು ನಡೆದವಳು. ಅಂಥವಳು ಮಂಗಳವಾರ ತಾನಾಗಿ ಫೋನು ಮಾಡಿ, "ಅವ್ವಾ, ನಿನ್ನ ಕುಂಬಳಕಾಯಿ ಮುರಬ್ಬ ಐತಲ್ಲ, ಅದೊಂದು ತುಂಡು ಬಾಯಾಗೆ ಇಟ್ಕಂಡ್ರೆ ನಿಲ್ತೈತೇನೋ ಅನ್ಸಾಕೆ ಹತ್ತೈತೆ. ಡಾಕ್ಟರೂ ತಿನ್ನಬೌದು ಅಂದ್ರು" ಎಂದಿದ್ದಳು. ಅಳಿಯ ಪ್ರಸನ್ನಕುಮಾರ್ ಶುಕ್ರವಾರ ಕಚೇರಿ ಕೆಲಸಕ್ಕೆ ಚನ್ನಗಿರಿಗೆ ಬರುವವನಿದ್ದ. ಅವನ ಕೈಯಲ್ಲಿ ಕಳಿಸುತ್ತೇನೆ ಎಂದು ಶಾಂತಾದೇವಿ ಮಾತು ಕೊಟ್ಟಿದ್ದರು.

ಅಂತೂ ಮರುಳಪ್ಪ ಬಂದರು. ಕಾಯಿಗೆ ಕೈಮುಗಿದರು. ಚಾಕುವಿನ ಅಲಗನ್ನು ಹೆಬ್ಬೆರಳಿಗೆ ತಾಗಿಸಿ, "ಇದು ಮೊಂಡಾಗೈತೆ, ಮಸೀಬೇಕು" ಎಂದರು.

"ಈಗ ಮಸೆಯಾಕೆ ಕೂರ್ಬೇಡಿ. ಒಂದು ಗೀರು ಹಾಕಿ ಹೋಗ್ರಿ ಅಂದ್ರೆ!"

ಗೀರು ಬಿತ್ತು. ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು. ಶಾಂತಾದೇವಿ ತಿರುಳು ತೆಗೆದು, ಗಟ್ಟಿ ಭಾಗವನ್ನು ಬೆರಳು ದಪ್ಪದ ತುಂಡು ಮಾಡಿ, ಪ್ರತಿ ತುಂಡನ್ನೂ ಮುಳ್ಳುಚಮಚದಿಂದ ಚುಚ್ಚಿ ಸುಣ್ಣದ ತಿಳಿಯಲ್ಲಿ ಮುಳುಗಿಸಿದರು. ಚುಚ್ಚಿದ ತೂತಿನಿಂದ ಪಾಕ ಒಳಗಿಳಿಯುತ್ತದೆ. ಸುಣ್ಣದ ನೀರಿನಿಂದ ತುಂಡು ಪಾಕದಲ್ಲಿ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ. ಮುಗಿದಾಗ ಅದು ಗಾಜಿನ ಹಾಗೆ ಆಚೆ ಬದಿ ಕಾಣುವಂತಿರಬೇಕು. ಅವರ ಮುರಬ್ಬಕ್ಕೆ ನ್ಯಾಮತಿಯವರೆಗೂ ಹೆಸರಿದ್ದದ್ದು ಆ ತಿಳಿಬಣ್ಣಕ್ಕೆ.

"ಇಷ್ಟು ಬೆಳ್ಳಗೆ ಇರ್ತಾವೇನು?" ಎಂದರು ಮರುಳಪ್ಪ.

"ಹೂಂ. ಹಿಂಗೇ ಇರ್ತಾವೆ."

"ಸಪ್ಪೆ ಕಾಣ್ತಾವಲ್ಲ."

"ನೀವು ಪೇಪರ್ ಓದ್ಹೋಗ್ರಿ."

ಶುಕ್ರವಾರ ಬೆಳಿಗ್ಗೆ ತುಂಡುಗಳನ್ನು ತೊಳೆಯಲೆಂದು ಶಾಂತಾದೇವಿ ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಕೆಂಪಗಿತ್ತು. ನಸುಗೆಂಪೂ ಅಲ್ಲ, ಮಂಡಿಯ ಮುಂದೆ ಹರವಿದ ಬೇಯಿಸಿದ ಅಡಿಕೆಯ ಗಾಢ ಕೆಂಪು. ಒಂದು ಕ್ಷಣ ಯಾವ ಪಾತ್ರೆ ತೆರೆದೆನೋ ಎಂದು ಅವರಿಗೇ ಅನುಮಾನ ಬಂತು. ತುಂಡನ್ನು ಎತ್ತಿ ಮೂಸಿದರು. ವಾಸನೆ ಗುರುತಾಯಿತು.

"ರೀ, ಇದಕ್ಕೆ ಏನು ಹಾಕಿದ್ರಿ?"

ಮರುಳಪ್ಪನವರ ಮುಖ ಅರಳಿತು. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವರಂತೆ, "ಚೊಗರು" ಎಂದರು.

ಚೊಗರು ಎಂದರೆ ಅಡಿಕೆ ಬೇಯಿಸಿ ಉಳಿದ ರಸ. ಮುಂದಿನ ಸಲದ ಅಡಿಕೆಗೆ ಬಣ್ಣ ಕಟ್ಟಲೆಂದು ತೋಟದವರು ಅದನ್ನು ಕ್ಯಾನಿನಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಮರುಳಪ್ಪನವರ ಹಿತ್ತಲ ಕೋಣೆಯಲ್ಲೂ ಒಂದು ಕ್ಯಾನು ಇತ್ತು.

"ಒಂದೇ ಚೊಂಬು ಹಾಕ್ದೆ ಶಾಂತಾ. ಬೆಳ್ಳಗಿರೋ ಮಾಲು ಯಾರು ಮುಟ್ತಾರೆ ಹೇಳು? ನಾನು ಜೀವ್ಮಾನ ಎಲ್ಲಾ ಬಣ್ಣ ನೋಡಿ ವ್ಯಾಪಾರ ಮಾಡ್ದೋನು. ನೋಡು, ಒಳ್ಳೆ ರಾಶಿ ಅಡಿಕೆ ಬಣ್ಣ ಬಂದೈತೆ! ಗಟ್ಟೀನೂ ಆಗೈತೆ."

"ತಿನ್ರಿ."

"ಈಗ್ಲೇ?"

"ತಿನ್ರಿ ಅಂದೆ."

ಮರುಳಪ್ಪ ಒಂದು ತುಂಡು ಕಚ್ಚಿದರು. ಒಗರು ನಾಲಿಗೆಯಿಂದ ಹಿಡಿದು ಕಿವಿಯ ಬುಡದವರೆಗೆ ಏರಿತು. ಅವರ ಬಾಯಿ ಹುಣಿಸೆ ಬೀಜದಷ್ಟಕ್ಕೆ ಮುದುಡಿಕೊಂಡಿತು. ಆದರೂ, "ಸಕ್ಕರೆ ಬಿದ್ರೆ ಸರಿ ಹೋಗ್ತೈತೆ" ಎಂದು ತೊದಲಿದರು.

"ಸಕ್ಕರೆ ಬಿದ್ರೆ! ಐದು ತಿಂಗ್ಳ ಬಸುರಿಗೆ ಅಡಿಕೆ ಚೊಗರು ಕುಡ್ಸಾಕೆ ಹೊಂಟೀರಲ್ಲ, ಅದಕ್ಕೆ ಏನು ಬೀಳ್ಬೇಕು? ಅವ್ಳು ಕೇಳಿದ್ದು ಒಂದು. ಹುಟ್ಟಿದಾಗಿಂದ ಬಾಯಿಬಿಟ್ಟು ಕೇಳಿದ್ದು ಇದೊಂದು!"

ಆಗ ಮರುಳಪ್ಪನವರಿಗೆ ಅರ್ಥವಾಯಿತು. ಕಚ್ಚಿ ಉಳಿದ ತುಂಡನ್ನು ತಟ್ಟೆಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವರ ಫೋನು ಚಾರ್ಜಿಗೆ ಹಾಕಿದಲ್ಲೇ ಉಳಿಯಿತು.

ಇನ್ನೊಂದು ಕಾಯಿ ಇತ್ತು. ಮಜ್ಜಿಗೆಹುಳಿಗೆಂದು ತಂದದ್ದು. ಈಗಲೇ ಕೊಯ್ದು, ಸುಣ್ಣದ ನೀರಿನಲ್ಲಿ ಮಧ್ಯಾಹ್ನದವರೆಗೆ ಇಟ್ಟು, ಕೂಡಲೇ ಬೇಯಿಸಿ ಪಾಕಕ್ಕೆ ಹಾಕಿದರೆ ಅಳಿಯ ಹೊರಡುವ ಹೊತ್ತಿಗೆ ಆಗುತ್ತದೆ. ಪಾಕ ಹೀರಲು ಅರ್ಧ ದಿನ ಕಡಿಮೆ ಬೀಳುತ್ತದೆ, ಬೀಳಲಿ. ಶಾಂತಾದೇವಿ ಹೊಸದಾಗಿ ಸುಣ್ಣ ಕದಡಿದರು, ಕಾಯಿ ಒರೆಸಿದರು, ಚಾಕು ಹಿಡಿದು ನಿಂತರು. ನಿಂತ ಮೇಲೆ ನೆನಪಾಯಿತು.

ಮೈದುನನಿಗೆ ಫೋನು ಮಾಡಿದರು. "ಅತ್ತಿಗೆ, ಅಡಿಕೆ ಟೆಂಡರ್ ನಡ್ದೈತೆ, ಊಟಕ್ಕೆ ಬಂದಾಗ ಕೊಯ್ತೀನಿ" ಎಂದ ಸತೀಶ್ ಕುಮಾರ್. ಪಕ್ಕದ ಮನೆಯ ಆಶಾಳ ಗಂಡ ಡ್ಯೂಟಿಗೆ ಹೋಗಿದ್ದ. ಸಿಲಿಂಡರ್ ತಂದ ಓಬಳೇಶನನ್ನು ಕೇಳಿದರು. ಜಗಳೂರು ಕಡೆಯ ಅವನು ಕಾಯಿಯನ್ನು ದೂರದಿಂದಲೇ ನೋಡಿ, "ಅವ್ವಾರೆ, ದೃಷ್ಟಿ ತೆಗೆದಿದ್ದೇನು ಇದು?" ಎಂದ. ಅಲ್ಲ, ತಿನ್ನುವುದಕ್ಕೆ ಎಂದರೂ ನಂಬಲಿಲ್ಲ. "ತಿನ್ನೋದಕ್ಕಾದ್ರೆ ಇಷ್ಟು ಗಾಬ್ರಿ ಯಾಕೆ ಬೀಳ್ತೀರಿ?" ಎನ್ನುತ್ತ ಖಾಲಿ ಸಿಲಿಂಡರ್ ಹೊತ್ತು ಬೇಗ ಬೇಗ ಇಳಿದುಹೋದ.

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು. ಕಚೇರಿ ಕೆಲಸ ಬೇಗ ಮುಗಿಸಿಕೊಂಡು ಪ್ರಸನ್ನಕುಮಾರ್ ಬಂದಿದ್ದ. ಶಾಂತಾದೇವಿಗೆ ದೇವರೇ ಬಂದಂತಾಯಿತು. ನೀರು ಕೊಡುವುದನ್ನೂ ಮರೆತು ಚಾಕು ಕೊಟ್ಟರು.

"ಅಳಿಯಂದ್ರೆ, ಇದಕ್ಕೊಂದು ಗೀರು ಹಾಕಿಬಿಡ್ರಿ."

ಪ್ರಸನ್ನಕುಮಾರ್ ಚಾಕು ನೋಡಿದ, ಕಾಯಿ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. "ಅತ್ತೆ, ನಾನು ಕೊಯ್ಯಂಗಿಲ್ಲ."

"ಯಾಕೆ?"

"ಹೆಂಡ್ತಿ ಬಸುರಿ ಇದ್ದಾಗ ಗಂಡ ತೆಂಗಿನಕಾಯಿ ಒಡೀಬಾರ್ದು, ಕುಂಬಳಕಾಯಿ ಕೊಯ್ಬಾರ್ದು ಅಂತ..."

"ಯಾರ್ರೀ ಹೇಳಿದ್ದು ನಿಮಗೆ?"

"ನೀವೇ" ಎಂದ ಅಳಿಯ. "ಹೋದ ತಿಂಗ್ಳು ದೇವಸ್ಥಾನದಾಗೆ ನನ್ನ ಕೈಯಾಗಿದ್ದ ಕಾಯಿ ಕಿತ್ಕಂಡು ಹೇಳಿದ್ರಲ್ಲ."

ಹೇಳಿದ್ದು ನಿಜ. ಎಲ್ಲರ ಮುಂದೆ, ಗಟ್ಟಿಯಾಗಿಯೇ ಹೇಳಿದ್ದರು. ಶಾಂತಾದೇವಿಗೆ ಈಗ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅದೇ ಹೊತ್ತಿಗೆ ಫೋನು ಬಂತು. ಸಂಧ್ಯಾರಾಣಿ.

"ಅವ್ವಾ, ಆಯ್ತಾ ಮುರಬ್ಬ?" ದನಿ ಸೋತಿತ್ತು.

"ಬೆಳಿಗ್ಗೆ ಏನು ತಿಂದೆ?"

"ಅರ್ಧ ಇಡ್ಲಿ. ಹೋಯ್ತು ಅದೂ."

"ಆಗ್ತೈತೆ. ರಾತ್ರಿಗೆ ನಿನ್ನ ಕೈಯಾಗೆ ಇರ್ತೈತೆ" ಎಂದು ಶಾಂತಾದೇವಿ ಫೋನು ಇಟ್ಟರು. ಕಾಯಿಯನ್ನು ನೋಡಿದರು. ಅದು ಮಣೆಯ ಮೇಲೆ ಹಾಯಾಗಿ ಕೂತಿತ್ತು. ಆ ಮನೆಯಲ್ಲಿ ಅವಸರವಿಲ್ಲದ್ದು ಅದೊಂದಕ್ಕೆ. ಅಲ್ಲಿ ಮಗಳ ಹೊಟ್ಟೆ ಖಾಲಿ. ಇಲ್ಲಿ ಎಲ್ಲವೂ ಸಿದ್ಧ. ನಡುವೆ ಒಂದು ಗೀರು.

"ಆ ಕಡೆ ತಿರುಗ್ರಿ" ಎಂದರು ಅಳಿಯನಿಗೆ.

ಅವನು ತಿರುಗಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಶಾಂತಾದೇವಿ ಎಡಗೈಯಿಂದ ಕಾಯಿಯನ್ನು ಒತ್ತಿ ಹಿಡಿದು ಚಾಕು ಇಳಿಸಿದರು. ಸಿಪ್ಪೆ ಸ್ವಲ್ಪ ತಡೆಯಿತು. ಆಮೇಲೆ ಮೆತ್ತಗೆ ದಾರಿ ಬಿಟ್ಟಿತು. ಕಾಯಿ ಎರಡಾಯಿತು, ಒಳಗೆ ಬೀಜ, ತಿರುಳು, ತಣ್ಣನೆಯ ನೀರಿನ ವಾಸನೆ, ಯಾವಾಗಲೂ ಇರುವಷ್ಟೇ. ಇಷ್ಟಕ್ಕೇನಾ ಎನ್ನಿಸಿತು ಅವರಿಗೆ. ಭಯಕ್ಕಿಂತ ಹೆಚ್ಚಾಗಿ ಕಾದ ಹೊತ್ತೆಲ್ಲ ನೆನಪಾಗಿ ಮೈಯುರಿಯಿತು.

"ಎಲ್ಲಿ, ಚಾಕು ಕೊಡು!"

ಬಾಗಿಲಲ್ಲಿ ಮರುಳಪ್ಪ ನಿಂತಿದ್ದರು. ಬೆವರಿದ್ದರು. ಹೆಗಲ ಮೇಲೆ ಇನ್ನೊಂದು ಬೂದಗುಂಬಳ. ಬಸ್ಸು ಹಿಡಿದು ಸೂಳೆಕೆರೆ ಕಡೆಯ ಪರಿಚಯದವರ ಹೊಲದವರೆಗೆ ಹೋಗಿ, ಬಳ್ಳಿಯಿಂದಲೇ ಕೀಳಿಸಿಕೊಂಡು ತಂದಿದ್ದರು. ಮಣೆಯ ಮೇಲಿನ ಎರಡು ಹೋಳು ಕಂಡವು. ಹೆಂಡತಿಯ ಕೈಯ ಚಾಕು ಕಂಡಿತು. ಅಳಿಯ ಇನ್ನೂ ಕ್ಯಾಲೆಂಡರ್ ಓದುತ್ತಿದ್ದ.

"ಯಾರು ಕೊಯ್ದದ್ದು?"

"ನಾನು."

ಬೆಳಗಿನ ಒಗರು ಇನ್ನೂ ಮರುಳಪ್ಪನವರ ನಾಲಿಗೆಯ ಮೇಲಿತ್ತು. ಹೆಗಲ ಮೇಲಿನ ಕಾಯಿಯನ್ನು ಮೂಲೆಯಲ್ಲಿಟ್ಟು ಕೈ ತೊಳೆದುಕೊಂಡು ಬಂದರು.

"ನಾನೇನು ಮಾಡ್ಲಿ?"

"ಸಿಪ್ಪೆ ಹೆರೀರಿ. ಹಸಿರು ಒಂಚೂರೂ ಉಳೀಬಾರ್ದು. ಬೇರೆ ಏನೂ ಹಾಕ್ಬಾರ್ದು, ತೆಗೀಬಾರ್ದು, ಮುಟ್ಬಾರ್ದು."

ಮರುಳಪ್ಪ ಹೆರೆದರು. ಅಳಿಯನಿಗೂ ಕೊಯ್ದ ಮೇಲಿನ ಕೆಲಸಕ್ಕೆ ಅಡ್ಡಿಯಿರಲಿಲ್ಲ, ಕೂತು ತುಂಡು ಚುಚ್ಚಿದ. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಒಂದೆಳೆ ಪಾಕದಲ್ಲಿ ತುಂಡುಗಳು ತಿಳಿಯಾಗುತ್ತ ಬಂದವು. ಲವಂಗ, ಏಲಕ್ಕಿಯ ಘಮ ಜಗಲಿಯವರೆಗೂ ಹರಡಿತು. ಬೆಚ್ಚಗಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಶಾಂತಾದೇವಿ ಅಳಿಯನ ಬ್ಯಾಗಿಗೆ ಇಟ್ಟರು.

ಮರುದಿನ ಬೆಳಿಗ್ಗೆ ಮಗಳು ಫೋನು ಮಾಡಿದಳು. ನಿನ್ನೆ ಒಂದು ತುಂಡು, ಇವತ್ತು ಎರಡು ತುಂಡು; ನಿಂತಿವೆ. ಆಮೇಲೆ ಅರ್ಧ ಚಪಾತಿಯನ್ನೂ ತಿಂದಳಂತೆ, ಅದೂ ನಿಂತಿದೆ. ಶಾಂತಾದೇವಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ, "ಆದ್ರೆ ಅವ್ವಾ, ಪಾಕ ಈ ಸಲ ಒಳಗೆ ಸರಿಯಾಗಿ ಇಳಿದಿಲ್ಲ ನೋಡು" ಎಂದಳು.

"ನಿಮ್ಮಪ್ಪನ್ನ ಕೇಳು" ಎಂದು ಫೋನನ್ನು ಗಂಡನ ಕೈಗೆ ಕೊಟ್ಟರು.

ಶಾಂತಾದೇವಿ ಈಗಲೂ ಮುರಬ್ಬ ಮಾಡುತ್ತಾರೆ. ಚೊಗರಿನ ಕ್ಯಾನು ಸತೀಶ್ ಕುಮಾರನ ಮನೆಗೆ ಹೋಗಿದೆ. ಮರುಳಪ್ಪ ಸಿಪ್ಪೆ ಹೆರೆಯುವುದರಲ್ಲಿ ಪಳಗಿದ್ದಾರೆ, ಪ್ರತಿ ಸಲವೂ ಚಾಕು ಮೊಂಡಾಗಿದೆ ಎನ್ನುತ್ತಾರೆ. ಒಮ್ಮೆ ಆಶಾ ಕಲಿಯಲೆಂದು ಬಂದವಳು, "ಅಕ್ಕಾ, ಇಷ್ಟು ದೊಡ್ಡ ಕಾಯಿ ಕೊಯ್ಯಾಕೆ ನಿಮಗೆ ಎಷ್ಟೊತ್ತು ಹಿಡೀತೈತೆ?" ಎಂದು ಕೇಳಿದಳು. ಶಾಂತಾದೇವಿ ಚಾಕು ಇಳಿಸುತ್ತಲೇ, ಜಗಲಿಯಲ್ಲಿದ್ದ ಗಂಡನಿಗೂ ಕೇಳುವಂತೆ ಹೇಳಿದರು: "ಕೊಯ್ಯಾಕೆ ಒಂದು ನಿಮಿಷ ಕಣೇ. ಕೊಯ್ಯೋ ಗಂಡಸಿಗೆ ಕಾದಿದ್ದು ಮೂವತ್ತೊಂದು ವರ್ಷ."