ಕ್ಯೂ ಅಕ್ಷರದ ಹಸಿರು ಕಾರು

ನೊರೀನ್ ಸ್ಲ್ಯಾಕ್ ಎಂಬಾಕೆ ಮ್ಯಾಟ್ಲಾಕ್ ಊರಿನ ಶಾಲೆಯೊಂದರ ಪ್ರಯೋಗಾಲಯವನ್ನು ಮೂವತ್ತೊಂದು ವರ್ಷ ನೋಡಿಕೊಂಡವಳು. ಚೀಟಿ ಇಲ್ಲದ ಸೀಸೆ ಕಂಡರೆ ಅವಳಿಗೆ ಆಗದು. ಒಳಗಿರುವುದು ಬರೀ ನೀರೆಂದು ಎಲ್ಲರೂ ಆಣೆಯಿಟ್ಟರೂ, ಪರೀಕ್ಷೆ ಮಾಡಿ ಚೀಟಿ ಅಂಟಿಸುವವರೆಗೆ ಅದು ಕಪಾಟಿನ ಬೇರೆ ಸಾಲಿನಲ್ಲೇ ನಿಲ್ಲಬೇಕು. ಅಂಥವಳು ನಿವೃತ್ತಿಯಾದ ವರ್ಷವೇ ತಲೆಬುಡ ಗೊತ್ತಿಲ್ಲದ ಕಾರೊಂದನ್ನು ಮನೆಗೆ ತಂದಳು.

ಅದೊಂದು ಕಿಟ್ ಕಾರು. ಕಂಪನಿಯೊಂದರಿಂದ ಚೌಕಟ್ಟು ಮತ್ತು ಮೈ ತರಿಸಿ, ಹಳೆಯ ಕಾರುಗಳ ಎಂಜಿನ್ನು, ಚಕ್ರ ಸೇರಿಸಿ ಮನೆಯಲ್ಲೇ ಕಟ್ಟುವಂಥದ್ದು. ಎರಡು ಸೀಟು, ಹಸಿರು ಬಣ್ಣ, ಮೇಲೆ ಚಾವಣಿ ಇಲ್ಲ. ರೈತನೊಬ್ಬನ ಕೊಟ್ಟಿಗೆಯಲ್ಲಿ ಕೋಳಿಗಳು ಅದರ ಮೇಲೆ ಮಲಗುತ್ತಿದ್ದವು. ಮೂವರು ಅದನ್ನು ಅಷ್ಟಷ್ಟು ಕಟ್ಟಿ ಕೈಬಿಟ್ಟಿದ್ದರು. ಒಬ್ಬರೂ ಒಂದು ಹಾಳೆ ಬರೆದಿಟ್ಟಿರಲಿಲ್ಲ. ನೊರೀನ್ ಎರಡು ಚಳಿಗಾಲ ಕೂತು ಅದನ್ನು ಪೂರ್ತಿ ಮಾಡಿದಳು. ಅಷ್ಟು ವರ್ಷ ಬೇರೆಯವರ ಪ್ರಯೋಗಕ್ಕೆ ಸಾಮಾನು ಜೋಡಿಸಿಟ್ಟವಳಿಗೆ ಇದೊಂದು ತನ್ನದೇ ಪ್ರಯೋಗ. ಇದನ್ನು ತಾನೇ ರಸ್ತೆಗೆ ಇಳಿಸಬೇಕು ಎಂಬುದೊಂದೇ ಆಸೆ.

ಅಡ್ಡ ಬಂದದ್ದು ನೋಂದಣಿ. ಹುಟ್ಟಿನ ಗುರುತು ಸಿಗದ ವಾಹನಕ್ಕೆ ಅಲ್ಲಿನ ಸರ್ಕಾರ ಇಂಗ್ಲಿಷಿನ ‘ಕ್ಯೂ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಕೊಡುತ್ತದೆ. ಕಿಟ್ ಕಾರಿನ ಕ್ಲಬ್ಬಿನವರಿಗೆ ಅದೆಂದರೆ ಮುಖ ಮುಚ್ಚಿಕೊಳ್ಳುವ ಸಂಗತಿ. ನೊರೀನಳಿಗೆ ಆ ಅಕ್ಷರದ ಚಿಂತೆ ಇರಲಿಲ್ಲ, ಎಂಜಿನ್ನಿನ ಚಿಂತೆ ಇತ್ತು. ಎಂಜಿನ್ನಿನ ವಯಸ್ಸಿಗೆ ದಾಖಲೆ ಇಲ್ಲದಿದ್ದರೆ ತಪಾಸಣೆಯಲ್ಲಿ ಹೊಸ ಕಾರಿನ ಹೊಗೆಯ ಮಿತಿಯನ್ನೇ ಹಾಕುತ್ತಾರೆ. ಈ ಮುದಿ ಎಂಜಿನ್ನು ಅದನ್ನು ದಾಟುವ ಮಾತೇ ಇರಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಟ್ರೆವರ್ ಫ್ರಿತ್ ಒಂದು ದಿನ ಚಹಾದ ಹೊತ್ತಿಗೆ ಬಂದು, ಮೇಜಿನ ಮೇಲೆ ಹಳೆಯ ನೋಂದಣಿ ಪುಸ್ತಕವೊಂದನ್ನು ಇಟ್ಟ.

“ಏನಿದು?”

“ನಂದೊಂದು ಕಾರು ಗುಜರಿಗೆ ಹೋಯ್ತಲ್ಲ, ಅದರದ್ದು. ಎಂಜಿನ್ನು, ಗೇರು ಎಲ್ಲ ಇದರಿಂದ್ಲೇ ಬಂತು ಅಂತ ಬರಿ. ವಯಸ್ಸೂ ಆಯ್ತು, ಒಳ್ಳೆ ನಂಬರೂ ಆಯ್ತು.”

“ಇದರಿಂದ ಬಂದಿಲ್ವಲ್ಲ.”

“ಎಲ್ಲಿಂದ ಬಂತು, ಹೇಳು ನೋಡೋಣ?”

“ಗೊತ್ತಿಲ್ಲ.”

“ಮತ್ತೆ? ಇದರಿಂದ ಬಂದಿಲ್ಲ ಅಂತ ಹೆಂಗೆ ಗೊತ್ತು?” ಟ್ರೆವರ್ ಗೆದ್ದವನಂತೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಅದು ಮುರಿದು ಕಪ್ಪಿನೊಳಗೆ ಬಿತ್ತು.

ಪುಸ್ತಕ ಮೂರು ದಿನ ಮೇಜಿನ ಮೇಲೆಯೇ ಇತ್ತು. ನೊರೀನ್ ಎರಡು ಸಲ ತೆರೆದು ನೋಡಿದಳು, ಒಂದು ಸಲ ಪೆನ್ನನ್ನೂ ಹಿಡಿದಳು. ನಾಲ್ಕನೆಯ ದಿನ ಶೆಡ್ಡಿಗೆ ಹೋಗಿ, ಎಂಜಿನ್ನಿನ ಪಕ್ಕದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಕೊರೆದಿದ್ದ ಅಂಕಿಗಳನ್ನು ಬರೆದುಕೊಂಡಳು. ಎಂಜಿನ್ನಿನ ಅಳತೆಗಳನ್ನೂ, ಮುಂದುಗಡೆ ಯಾಕಿದೆಯೆಂದೇ ತಿಳಿಯದೆ ಕೂತಿದ್ದ, ಬೆಲ್ಟ್ ಓಡಿಸುವ ಎರಡನೆಯ ರಾಟೆಯ ಚಿತ್ರವನ್ನೂ ಸೇರಿಸಿ, ಆ ಜಾತಿಯ ಎಂಜಿನ್ನುಗಳ ದಾಖಲೆ ಇಟ್ಟಿರುವ ಕಾರ್ನ್‌ವಾಲಿನ ಮಿಸ್ ಪೆನ್‌ರೋಸ್ ಎಂಬಾಕೆಗೆ ಕಳಿಸಿದಳು.

ಐದು ವಾರಕ್ಕೆ ಸಹಿ, ಮೊಹರು ಹಾಕಿದ ಪತ್ರ ಬಂತು. ಎಂಜಿನ್ನು 1981ರದು. ಕಾರಿನದಲ್ಲ, ವ್ಯಾನಿನದು. ಆ ಎರಡನೆಯ ರಾಟೆ ಐಸ್‌ಕ್ರೀಂ ಯಂತ್ರವನ್ನು ತಿರುಗಿಸಲು ಹಾಕಿದ್ದು.

ಟ್ರೆವರ್ ಪತ್ರವನ್ನು ಎರಡು ಸಲ ಓದಿದ. “ಐಸ್‌ಕ್ರೀಂ ಗಾಡಿ. ನನ್ನ ಪುಸ್ತಕ ತೋರ್ಸಿದ್ರೆ ಎಂಜಿನ್ ನಂಬರ್ ನೋಡ್ದೋರು ಇಬ್ಬರಿಗೂ ಮಂಗಳಾರತಿ ಮಾಡ್ತಿದ್ರು.”

“ನಿನಗೆ ಮೊದ್ಲು.”

“ಆಯ್ತು ತಾಯಿ, ಎಂಜಿನ್ ಸರಿ. ಮಿಕ್ಕಿದ್ದಕ್ಕೆ ಏನಂತ ಬರೀತೀಯ?”

“ಗೊತ್ತಿಲ್ಲ ಅಂತ.”

ಅರ್ಜಿಯಲ್ಲಿ ಅವಳು ಹನ್ನೊಂದು ಕಡೆ ಹಾಗೇ ಬರೆದಳು. ಟ್ರೆವರ್ ತಲೆ ಚಚ್ಚಿಕೊಂಡ. ಆದರೂ ಹೊರಡುವಾಗ ಕ್ಲಬ್ಬಿನ ಹಿತ್ತಾಳೆಯ ಬಿಲ್ಲೆಯೊಂದನ್ನು ಕೈಗಿಟ್ಟು, “ಕಾರಿನ ಮೂತಿ ಮೇಲೆ ಹಾಕು. ದಿಕ್ಕಿಲ್ಲದ್ದು ಅಂತ ಯಾರೂ ಅನ್ಬಾರ್ದು” ಎಂದ.

ತಪಾಸಣೆಯ ದಿನ ಹಾಡ್ಕಿನ್ ಎಂಬ ಅಧಿಕಾರಿ ಮುಷ್ಟಿಗಿಂತ ತುಸು ದೊಡ್ಡದಾದ ಗೋಳವನ್ನು ಹಿಡಿದು ಕಾರಿನ ಒಳಗೂ ಹೊರಗೂ ಉರುಳಿಸಿದ. ಅದು ಮುಟ್ಟುವ ಕಡೆ ಎಲ್ಲೂ ಚೂಪಾದ ಅಂಚು ಇರಬಾರದು. ನೊರೀನ್ ಪ್ರತಿ ಬೋಲ್ಟಿನ ತಲೆಗೂ ರಬ್ಬರ್ ಟೊಪ್ಪಿಗೆ ಹಾಕಿದ್ದಳು, ಪ್ರತಿ ಅಂಚನ್ನೂ ಅರದಿಂದ ಉಜ್ಜಿ ಅಳೆದಿದ್ದಳು. ಬ್ರೇಕು, ದೀಪ, ಹೊಗೆ ಎಲ್ಲ ದಾಟಿದವು. ಗೋಳ ಮೂತಿಯ ಬಳಿ ಬಂದು ನಿಂತಿತು.

“ಮೇಡಂ, ಈ ಬಿಲ್ಲೆ ಯಾವಾಗ ಹಾಕಿದ್ರಿ?”

“ನಿನ್ನೆ.”

“ಅಂಚು ಚಾಕು ಇದ್ದಂಗಿದೆ. ಇಷ್ಟೆಲ್ಲ ಅಳೆದಿದ್ದೀರಿ, ಇದನ್ನ ಅಳೀಲಿಲ್ವಾ?”

“ಇದು ಉಡುಗೊರೆ,” ಎಂದಳು ನೊರೀನ್. ಕಿವಿಯವರೆಗೂ ಕೆಂಪಾಗಿದ್ದಳು.

ಹಾಡ್ಕಿನ್ ಹನ್ನೊಂದು ಕಡೆ ‘ಗೊತ್ತಿಲ್ಲ’ ಎಂದಿದ್ದ ಕಾಗದಗಳತ್ತ ನೋಡಿದ. “ಫೇಲ್ ಅಂತ ಬರೆಯೋಕೆ ಮುಂಚೆ ನಾನೊಂದು ಲೋಟ ಚಹಾ ಕುಡೀತೀನಿ. ಸ್ಕ್ರೂಡ್ರೈವರ್ ಆ ಗೂಡಲ್ಲಿದೆ.”

ಅವನು ಚಹಾ ಮುಗಿಸಿ ಬರುವಷ್ಟರಲ್ಲಿ ಬಿಲ್ಲೆ ಅವಳ ಕೋಟಿನ ಜೇಬಿನಲ್ಲಿತ್ತು, ಎರಡು ತೂತಿಗೂ ರಬ್ಬರ್ ಬಿರಡೆ ಬಿದ್ದಿತ್ತು. ಅವನು ಗೋಳವನ್ನು ಮತ್ತೊಮ್ಮೆ ಉರುಳಿಸಿ ಸಹಿ ಹಾಕಿದ.

ಮೂರು ವಾರದ ಮೇಲೆ ಕ್ಯೂ ಸಂಖ್ಯೆ ಬಂತು. ನೊರೀನ್ ಫಲಕವನ್ನು ಮಟ್ಟಗೋಲು ಹಿಡಿದು ಕೂರಿಸಿದಳು. ಭಾನುವಾರ ಟ್ರೆವರ್ ತನ್ನ ಕೆಂಪು ಕಾರಿನಲ್ಲಿ ಹಿಂದೆ ಬಂದ. ಹಸಿರು ಕಾರು ಮುಂದೆ, ಬೇಲಿಗಳ ನಡುವಿನ ದಾರಿಯಲ್ಲಿ, ಬೇಕ್‌ವೆಲ್ ಪೇಟೆಯವರೆಗೂ ಒಂದೇ ಉಸಿರಿಗೆ ಓಡಿತು. ಅವಳ ಕನ್ನಡಕಕ್ಕೆ ಎರಡು ನೊಣ ಬಡಿದವು. ಎಡಗಡೆ ಏನೋ ಕಟಕಟ ಎನ್ನುತ್ತಿತ್ತು. ಬೇರೆ ದಿನವಾಗಿದ್ದರೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದಳು.

ಪೇಟೆಯ ಚೌಕದಲ್ಲಿ ಟ್ರೆವರ್ ಇಳಿದು ಬಂದು ಹಸಿರು ಕಾರನ್ನು ಒಂದು ಸುತ್ತು ಹಾಕಿದ. ಕ್ಯೂ ಅಕ್ಷರದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಆಮೇಲೆ ಕೈ ಚಾಚಿದ.

“ಕೀ ಕೊಡು. ವಾಪಸ್ಸು ನಾನು ಓಡಿಸ್ತೀನಿ.”

“ಇವತ್ತು ಬೇಡ ಟ್ರೆವರ್,” ಎಂದು ನೊರೀನ್ ಸ್ಟೇರಿಂಗ್ ಬಿಡದೆ ಕೂತಳು. “ಇನ್ನೂ ನಂಗೇ ಸಾಕಾಗಿಲ್ಲ.”