ಗ್ರೇಸ ಸಿಸ್ಟರ್ ಮತ್ತು ಎತ್ತಿ ಕುಕ್ಕುವ ಕಾರು

ಬೀದರಿನ ಮಂಗಲಪೇಟೆಯಲ್ಲಿ ಗ್ರೇಸ ಸಿಸ್ಟರ್ ಗೊತ್ತಿಲ್ಲದವರು ಕಡಿಮೆ. ಔರಾದ, ಭಾಲ್ಕಿ, ಬೀದರ ಎಂದು ಸುತ್ತಿ ಇಡೀ ಜೀವಮಾನ ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ಇಂಜೆಕ್ಷನ್ ಸೀಸೆಯ ಮೇಲಿನ ಹೆಸರನ್ನು ಕಪಾಟಿನಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ಚುಚ್ಚುವ ಮೊದಲು ಇನ್ನೊಮ್ಮೆ ಓದುತ್ತಿದ್ದರು. ಡಾಕ್ಟರು ತಾವೇ ಕೈಗೆ ಕೊಟ್ಟರೂ ಓದದೆ ಬಿಡುತ್ತಿರಲಿಲ್ಲ. ಬಾಣಂತಿಯೊಬ್ಬಳಿಗೆ ಏರಿಸಲು ತಂದ ರಕ್ತದ ಚೀಲ ಬೇರೆ ಗುಂಪಿನದೆಂದು ಕೊನೆಯ ಗಳಿಗೆಯಲ್ಲಿ ಹಿಡಿದದ್ದೂ ಅವರೇ. ವಾರ್ಡಿನಲ್ಲಿ ಆ ಸಂಶಯ ಜೀವ ಉಳಿಸುತ್ತಿತ್ತು. ಮನೆಯಲ್ಲಿ ಮಾತ್ರ ಹಾಲಿನವನು, ಗ್ಯಾಸಿನವನು, ತರಕಾರಿಯವಳು ಎಲ್ಲರೂ ಅವರೆದುರು ಸ್ವಲ್ಪ ಬೆವರುತ್ತಿದ್ದರು.

ಗಂಡ ಯೇಸಪ್ಪ ಹೈಸ್ಕೂಲಿನಲ್ಲಿ ಆಟದ ಮಾಸ್ತರರಾಗಿದ್ದವರು. ಕಳೆದ ವರ್ಷ ಅವರ ಸೊಂಟಕ್ಕೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಧಕ್ಕೆ ತಗಲಬಾರದೆಂದು ಡಾಕ್ಟರು ಹೇಳಿ ಕಳಿಸಿದರು. ಆಟೋ ಹತ್ತುವುದು ನಿಂತಿತು, ಬಸ್ಸು ನಿಂತಿತು, ಕೊನೆಗೆ ಚರ್ಚಿಗೆ ಹೋಗುವುದೂ ನಿಂತಿತು. ಮೈದಾನದಲ್ಲಿ ಸೀಟಿ ಊದಿಕೊಂಡು ಓಡಾಡಿದ ಮನುಷ್ಯ ಕಿಟಕಿಯ ಪಕ್ಕ ಕೂತು ಬೀದಿ ನೋಡುವುದನ್ನು ಗ್ರೇಸರಿಗೆ ನೋಡಲಾಗಲಿಲ್ಲ. ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಒಂದು ಹೊಸ ಕಾರು ಕೊಂಡರು.

ಶೋರೂಮಿನಿಂದ ಕಾರು ತಂದು ಮನೆ ಮುಂದೆ ನಿಲ್ಲಿಸಿದವನು ಯೇಸಪ್ಪನವರ ತಮ್ಮ ಸ್ಟೀಫನ. ಠಾಣಾ ಕುಶನೂರಿನಲ್ಲಿ ತೊಗರಿ, ಸೋಯಾ ಬೆಳೆಯುವ ರೈತ. ಟ್ರ್ಯಾಕ್ಟರ್, ಜೀಪು ಎಲ್ಲ ಓಡಿಸಿ ಪಳಗಿದ ಕೈ. ಮರುದಿನ ಅವನು ತಲೆ ಕೆರೆಯುತ್ತ ಅತ್ತಿಗೆಯನ್ನು ಕೇಳಿದ:

"ವೈನಿ, ಇವತ್ತೊಂದಿನ ಗಾಡಿ ಒಯ್ಲೇನ್ರಿ? ಭಾಲ್ಕಿಗಿ ಸ್ವೀಟಿ ಸಂಬಂಧದ ಮಾತಿಗಿ ಹೋಗೂದದ. ಬಸ್ಸಿನಾಗ ಇಳದರ ಛಂದ ಕಾಣ್ಸಂಗಿಲ್ರಿ."

ಅವನ ಮಗಳ ಮದುವೆಯ ಮಾತು. ಗ್ರೇಸ ಕೀಲಿ ಕೊಟ್ಟರು. ಸಂಜೆ ಕಾರು ತೊಳೆದೇ ವಾಪಸು ಬಂತು. ತೊಳೆದು ತಂದದ್ದಕ್ಕೆ ಆಗ ಅವರಿಗೆ ಖುಷಿಯೇ ಆಗಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಯೇಸಪ್ಪ, "ಅಷ್ಟೂರ ಕಡಿ ಹೋಗಿ ಬರೂನೇನು? ಹೊಲ ನೋಡದೆ ಭಾಳ ದಿನ ಆತು" ಎಂದರು. ಅಲ್ಲಿನ ಸುಲ್ತಾನರ ಗುಂಬಜಗಳು ದೂರದಲ್ಲಿ ಕಾಣುವಷ್ಟರಲ್ಲಿ ರಸ್ತೆಯ ಒಂದು ಉಬ್ಬು ಬಂತು. ಗ್ರೇಸ ನಿಧಾನವಾಗಿಯೇ ಹತ್ತಿಸಿದರು. ಕಾರು ಎತ್ತಿ ಕುಕ್ಕಿತು. ಯೇಸಪ್ಪ ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದು ಕಣ್ಣು ಮುಚ್ಚಿದರು. ಹಣೆಯಲ್ಲಿ ಬೆವರು.

"ತಿರುಗಸು ಗ್ರೇಸ. ಮನಿಗಿ ಹೋಗೂನು."

ಅಂದಿನಿಂದ ಗ್ರೇಸರ ನಿದ್ದೆ ಹಾರಿತು. ಹೊಸ ಕಾರು ಎತ್ತಿನ ಬಂಡಿಗಿಂತ ಕೆಟ್ಟದಾಗಿ ಕುಕ್ಕುತ್ತದೆಂದರೆ ಅದರಲ್ಲಿ ಏನೋ ಇದೆ. ಎಲ್ಲೋ ಗುದ್ದಿದ ಗಾಡಿಗೆ ಬಣ್ಣ ಬಳಿದು ಕೊಟ್ಟರೋ? ಸ್ಟೀಫನ ಭಾಲ್ಕಿಯಲ್ಲಿ ಏನು ಮಾಡಿದ? ಅಷ್ಟು ಶ್ರದ್ಧೆಯಿಂದ ತೊಳೆದು ತಂದದ್ದು ಯಾಕೆ?

ಶೋರೂಮಿನ ಹುಡುಗ ನಗುತ್ತ ಹೇಳಿದ: "ಹೊಸ ಗಾಡಿ ಬಿಗಿ ಇರ್ತದ್ರಿ ಮೇಡಂ. ಓಡ್ಸಿದಾಂಗ ಓಡ್ಸಿದಾಂಗ ಸಡಿಲ ಆಗ್ತದ."

"ಇದು ಹೊಸಾ ಚಪ್ಪಲಿ ಏನ್ರಿ, ಕಾಲಿಗಿ ಕೂಡೂತನ ಕಾಯಲಿಕ್ಕ?" ಎಂದು ಗ್ರೇಸ ಎದ್ದುಬಂದರು.

ಯಾರನ್ನೂ ನಂಬುವುದು ಬೇಡವೆಂದು ತಾವೇ ಶುರು ಮಾಡಿದರು. ಡ್ರೈವರ್ ಬಾಗಿಲು ತೆರೆದರೆ ಒಳಚೌಕಟ್ಟಿನಲ್ಲಿ ಟೈರಿಗೆ ಎಷ್ಟು ಗಾಳಿ ಇರಬೇಕೆಂದು ಬರೆದಿತ್ತು. ಪೆಟ್ರೋಲ್ ಪಂಪಿನ ಮೀಟರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ತೋರಿತು. ಪಂಪಿನ ಮೀಟರನ್ನೂ ನಂಬದೆ ಸ್ವಂತಕ್ಕೊಂದು ಸಣ್ಣ ಮೀಟರ್ ಕೊಂಡು, ಬೆಳಿಗ್ಗೆ ಗಾಡಿ ಹೊರಡುವ ಮೊದಲು ಟೈರು ತಣ್ಣಗಿರುವಾಗ ರೋಗಿಯ ಜ್ವರ ನೋಡುವಂತೆ ಒಂದೊಂದನ್ನೇ ನೋಡಿದರು. ಅದೇ ಲೆಕ್ಕ. ವಾಲ್ವಿನ ಮೂತಿ ಒತ್ತಿ ಗಾಳಿ ಬಿಟ್ಟು ಸರಿಮಾಡಿದರು. ಆಮೇಲೆ ಸಣ್ಣ ಕಲ್ಲುಗಳ ಕಟಕಟ ಸೀಟಿಗೆ ಬರುವುದು ನಿಂತಿತು. ಆದರೆ ಗುಂಡಿ, ಉಬ್ಬು ಬಂದರೆ ಮತ್ತೆ ಅದೇ ಕುಕ್ಕು. ಅರ್ಧ ರೋಗ ಹೋಗಿ ಅರ್ಧ ಉಳಿಯಿತು. ಹಾಗಾದರೆ ರೋಗ ಒಂದಲ್ಲ, ಎರಡು ಎಂದುಕೊಂಡರು.

ಗಾಂಧಿ ಗಂಜಿನ ಕಡೆ, ಲಾರಿ ಮತ್ತು ಕೈಗಾಡಿಗಳ ನಡುವೆ ಕಾರಿನ ಸಾಮಾನು ಮಾರುವ ಒಂದು ಅಂಗಡಿ ಇತ್ತು. ಅಂಗಡಿಯವನು ಕಪ್ಪು ರಬ್ಬರಿನ ದಪ್ಪ ಬಳೆಗಳನ್ನು ಮುಂದಿಟ್ಟ.

"ಸ್ಪ್ರಿಂಗಿನ ಸಂದಿಯಾಗ ಇದನ್ನ ಕೂಡಸ್ರಿ ಅಕ್ಕಾ. ಗಾಡಿ ಮಖಮಲ್ ಆಗ್ತದ."

ಗ್ರೇಸ ಅದನ್ನು ಬೆರಳಿಂದ ಒತ್ತಿ ನೋಡಿದರು. ಕಲ್ಲಿನ ಹಾಗೆ ಗಟ್ಟಿ.

"ಸ್ಪ್ರಿಂಗಿನ ಕೆಲಸಾನ ಕುಗ್ಗೂದು, ಏಳೂದು. ನಡುವ ಇದು ಕುಂತರ ಅದು ಹ್ಯಾಂಗ ಕುಗ್ಗತದ?"

ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿದ.

ಭಾಲ್ಕಿಯಲ್ಲಿ ಮಹಾಮಾಯಾ ಎಂಬ ಗೆಳತಿ ಇದ್ದರು. ಹುಡುಗಿಯರಾಗಿದ್ದಾಗ ಒಂದೇ ಹಾಸ್ಟೆಲಿನಲ್ಲಿ ಓದಿದವರು. ಒಬ್ಬರು ಚರ್ಚಿಗೆ, ಒಬ್ಬರು ಬುದ್ಧ ವಿಹಾರಕ್ಕೆ; ಊಟ ಮಾತ್ರ ಒಂದೇ ತಟ್ಟೆಯಲ್ಲಿ. ಮಹಾಮಾಯಾ ಟೀಚರ್ ಆದರು. ಅವರ ಬಳಿಯೂ ಇದೇ ಕಂಪನಿಯ ಇದೇ ಕಾರು ಇತ್ತು. ಗ್ರೇಸ ಭಾಲ್ಕಿಗೆ ಹೋದರು. ಇಬ್ಬರೂ ಕಾರು ಅದಲುಬದಲು ಮಾಡಿಕೊಂಡು ಒಂದೇ ಹಾಳು ರಸ್ತೆಯಲ್ಲಿ ಹೋಗಿಬಂದರು.

ಮಹಾಮಾಯಾ ಇಳಿದವರೇ ಸೊಂಟ ಹಿಡಿದು ನಿಂತರು. "ಎವ್ವಾ, ಇದರಾಗ ಯೇಸಪ್ಪಣ್ಣಗ ಕೂಡ್ಸೀದೇನ? ನನ್ನ ಬೆನ್ನೇ ಮುರದಂಗಾತು."

ಎರಡೂ ಕಾರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದರು. ಗ್ರೇಸರ ಕಾರಿನ ಮೂತಿ ತುಸು ಎತ್ತರಕ್ಕಿತ್ತು. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಮಹಾಮಾಯಾರ ಕಾರಿನಲ್ಲಿ ಹಿಡಿಸುವುದಕ್ಕಿಂತ ಎರಡು ಬೆರಳು ಹೆಚ್ಚೇ ಹಿಡಿಸಿತು. ಗ್ರೇಸ ನೆಲಕ್ಕೆ ಮಂಡಿಯೂರಿ ಮೊಬೈಲಿನ ಬೆಳಕು ಬಿಟ್ಟರು. ಸ್ಪ್ರಿಂಗಿನ ಸುರುಳಿಗಳ ಸಂದಿಯಲ್ಲಿ ಕೆಸರು ಮೆತ್ತಿದ ಕಪ್ಪು ತುಂಡುಗಳು. ಮಹಾಮಾಯಾರ ಕಾರಿನಲ್ಲಿ ಆ ಜಾಗ ಖಾಲಿ.

ಅಂಗಡಿಯಲ್ಲಿ ಕಂಡ ರಬ್ಬರು ಕಣ್ಣ ಮುಂದೆ ಬಂತು. ಗ್ರೇಸ ಮೆಲ್ಲಗೆ ಎದ್ದರು.

"ಯಾರೋ ತುರುಕ್ಯಾರ. ಈ ಗಾಡಿ ನನ್ನ ಕೈ ಬಿಟ್ಟು ಹೋಗಿದ್ದು ಒಂದೇ ದಿನ."

ಮಹಾಮಾಯಾರಿಗೆ ಅರ್ಥವಾಯಿತು. "ಗ್ರೇಸ, ಸ್ಟೀಫನಗ ಕೇಳು. ಬರೇ ಕೇಳು. ನೀನೇ ಹೇಳಬ್ಯಾಡ."

ಗ್ರೇಸ ಹೂಂ ಎಂದರು. ಆದರೆ ಠಾಣಾ ಕುಶನೂರ ಮುಟ್ಟುವವರೆಗೆ ಕಾರು ಕುಕ್ಕಿದಾಗಲೆಲ್ಲ ಕೋಪ ಒಂದು ಮೆಟ್ಟಿಲು ಏರುತ್ತ ಹೋಯಿತು. ಸ್ಟೀಫನ ಅಂಗಳದಲ್ಲಿ ಸೋಯಾ ಒಣಗಹಾಕಿಕೊಂಡು ನೆರೆಯ ಮಡೆಪ್ಪನೊಂದಿಗೆ ಮಾತಾಡುತ್ತ ಕೂತಿದ್ದ. ವೈನಿಯನ್ನು ಕಂಡು ಎದ್ದ, ಚಹಾಕ್ಕೆ ಹೇಳಿದ.

"ಚಹಾ ಬ್ಯಾಡ. ಭಾಲ್ಕಿಯಾಗ ಗಾಡಿಗಿ ಏನ ಮಾಡಸೀದಿ?"

"ಏನೂ ಇಲ್ರಿ ವೈನಿ. ಬೀಗರ ಮನಿ ಮುಂದ ನಿಲ್ಲಸಿದ್ದೆ, ಹಂಗೇ ತಂದೆ."

"ಸುಳ್ಳ ಹೇಳಬ್ಯಾಡ. ಮಂದಿಗಿ ಕಾಣಸ್ಲಿ ಅಂತ ಬೀಗರ ಮಂದಿನೆಲ್ಲಾ ತುಂಬಿ ತಿರಗಸೀದಿ, ಆ ಭಾರಕ್ಕ ಸ್ಪ್ರಿಂಗ್ ಕುಸದು ಕುಂತಾವ. ನನಗ ತಿಳೀಬಾರದಂತ ರಬ್ಬರ್ ತುರುಕಿ, ಮ್ಯಾಲ ನೀರ ಹಾಕಿ ತೊಳದ ತಂದೀದಿ. ನಿಮ್ಮಣ್ಣ ಅದರಾಗ ಕುಂತು ಬೆವರ್ತಾನ!"

ಸ್ಟೀಫನ ಮಡೆಪ್ಪನ ಕಡೆ ಒಮ್ಮೆ ನೋಡಿದ. ಮತ್ತೆ ವೈನಿಯ ಕಡೆ.

"ಅಣ್ಣಗ ತ್ರಾಸ ಆಗೂ ಕೆಲಸ ನಾ ಮಾಡ್ತೇನೇನ್ರಿ?" ಎಂದವನು ಒಳಗೆ ಹೋದ. ಹೊರಗೆ ಬರಲಿಲ್ಲ.

ಅವನು ಹಾಗೆ ಒಳಗೆ ಹೋದದ್ದನ್ನು ಗ್ರೇಸ ತಪ್ಪೊಪ್ಪಿಗೆ ಎಂದೇ ತಿಳಿದರು.

ಬೀದರಿನಲ್ಲಿ ಖಾಜಾ ಮಿಯಾ ಎಂಬವರ ಗ್ಯಾರೇಜಿಗೆ ಕಾರು ಒಯ್ದರು. ಅವರನ್ನೂ ನಂಬದೆ, ಕೊಟ್ಟ ಕುರ್ಚಿ ಬಿಟ್ಟು ಗಾಡಿಯ ಪಕ್ಕದಲ್ಲೇ ನಿಂತರು. ಲಿಫ್ಟಿನ ಮೇಲೆ ಕಾರು ಎದ್ದಾಗ ಚಕ್ರಗಳು ಜೋತುಬಿದ್ದು ಸ್ಪ್ರಿಂಗುಗಳು ಬಿಚ್ಚಿಕೊಂಡವು. ಖಾಜಾ ಮಿಯಾ ತುಂಡೊಂದನ್ನು ಜಗ್ಗಿದರು, ಹೊರಗೆ ಬಂತು. ತಿರುಗಿಸಿ ಮುರುಗಿಸಿ ನೋಡಿದರು.

"ಇಂಥಾದ್ದು ನಾ ನೋಡಿಲ್ಲ ಅಕ್ಕಾ. ಬಜಾರದಾಗ ಸಿಗೋ ಮಾಲ ಅಂತೂ ಅಲ್ಲ."

"ತೊಳೀರಿ ಅದನ್ನ," ಎಂದರು ಗ್ರೇಸ.

ಸೀಮೆಎಣ್ಣೆಯಲ್ಲಿ ಕೆಸರು ಬಿಟ್ಟಿತು. ತುಂಡಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳು ಎದ್ದುನಿಂತಿದ್ದವು. ಗ್ರೇಸ ಓದಿದರು. ಮತ್ತೆ ಓದಿದರು. ಅಭ್ಯಾಸದಂತೆ ಇನ್ನೊಮ್ಮೆ ಓದಿದರು. ಸಾಗಣೆಗೆ ಮಾತ್ರ, ಗಿರಾಕಿಗೆ ಗಾಡಿ ಕೊಡುವ ಮುನ್ನ ತೆಗೆಯಿರಿ ಎಂದಿತ್ತು. ಮೇಲೆ ಕಾರು ಕಂಪನಿಯದೇ ಗುರುತು.

ಫ್ಯಾಕ್ಟರಿಯಿಂದ ದೊಡ್ಡ ಲಾರಿಯ ಮೇಲೆ ಬರುವಾಗ ಕಾರುಗಳು ಜಿಗಿದಾಡಬಾರದೆಂದು ಸ್ಪ್ರಿಂಗಿಗೆ ಇಟ್ಟ ಕಟ್ಟು ಅದು. ಗಾಳಿಯನ್ನೂ ಅದಕ್ಕೇ ಹೆಚ್ಚು ತುಂಬಿರುತ್ತಾರೆ. ಎರಡನ್ನೂ ಸರಿಪಡಿಸಬೇಕಾದದ್ದು ಶೋರೂಮು. ಸ್ಟೀಫನ ಈ ಕಾರಿನ ಬಾಗಿಲು ಮುಟ್ಟುವ ಮೊದಲೇ ತುಂಡುಗಳು ಅಲ್ಲಿದ್ದವು.

ತುಂಡುಗಳನ್ನೆಲ್ಲ ತೆಗೆಸಿ ವಾಪಸು ಬರುವಾಗ ಕಾರು ಉಬ್ಬು ಹತ್ತಿ, ಮೆತ್ತಗೆ ಕುಗ್ಗಿ, ಮೆತ್ತಗೆ ಎದ್ದಿತು. ಇಷ್ಟು ದಿನ ಇದಕ್ಕಾಗಿಯೇ ಒದ್ದಾಡಿದ್ದರು. ಖುಷಿ ಮಾತ್ರ ಬರಲಿಲ್ಲ. ಮಡೆಪ್ಪನ ಎದುರು ಸ್ಟೀಫನನಿಗೆ ಆಡಿದ ಮಾತೇ ಕಿವಿಯಲ್ಲಿತ್ತು.

ಶೋರೂಮಿನ ಮ್ಯಾನೇಜರ್ ತುಂಡುಗಳನ್ನು ಮೇಜಿನ ಮೇಲೆ ನೋಡಿ, "ನೀವು ಹೊರಗ ಎಲ್ಲೋ ಹಾಕಿಸಿರಬೇಕ್ರಿ ಮೇಡಂ" ಎಂದ. ಹೆಚ್ಚುಕಡಿಮೆ ಇದೇ ಮಾತನ್ನು ತಾವು ಸ್ಟೀಫನನಿಗೆ ಹೇಳಿದ್ದರು. ಗ್ರೇಸ ಸಿಟ್ಟು ಮಾಡಲಿಲ್ಲ. ತುಂಡು ತಿರುಗಿಸಿ ಅಕ್ಷರಗಳನ್ನು ಅವನ ಕಡೆ ಮಾಡಿದರು. ಅವನ ದನಿ ಇಳಿಯಿತು. ಅದೇ ಲಾರಿಯಲ್ಲಿ ಬಂದ ಉಳಿದ ಕಾರುಗಳನ್ನೂ ಕರೆಸಿ ನೋಡುವುದಾಗಿ ಅವನ ಬಾಯಿಂದ ಹೇಳಿಸುವವರೆಗೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಇನ್ನೂ ಒಂದು ಕಾರಿನಲ್ಲಿ ಹಾಗೇ ಉಳಿದಿತ್ತಂತೆ.

ಮನೆಯಲ್ಲಿ ಯೇಸಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಸ್ಟೀಫನಗ ಹೇಳೀದಿ?" ಎಂದರು.

"ಫೋನ್ ಎತ್ತವಲ್ಲ."

"ಬೈಯೂದು ಫೋನಿನಾಗ ಬೈದಿದ್ದೇನು?" ಎಂದು ಕೋಲು ಹಿಡಿದು ಎದ್ದರು. "ನಡಿ, ನಾನೂ ಬರ್ತೇನಿ."

ಠಾಣಾ ಕುಶನೂರಿಗೆ ಹೊರಟು ಸಂತಪುರ ದಾಟಿದರು. ಗ್ರೇಸ ನಡುನಡುವೆ ಗಂಡನ ಹಣೆ ನೋಡುತ್ತಿದ್ದರು. ಬೆವರಿರಲಿಲ್ಲ.

ಅದೇ ಅಂಗಳಕ್ಕೆ ಮಡೆಪ್ಪನನ್ನೂ ಕರೆಸಿ ಗ್ರೇಸ ನಿಂತೇ ಹೇಳಿದರು: "ಸ್ಟೀಫನ, ನಿಂದೇನೂ ತಪ್ಪಿಲ್ಲ. ನಾ ನೋಡದೆ ಹೇಳಿದೆ. ತಪ್ಪ ನಂದು."

ಸ್ಟೀಫನ ಅಣ್ಣನ ಕೈ ಹಿಡಿದು ಮಂಚದ ಮೇಲೆ ಕೂಡಿಸಿದ. ವೈನಿಯ ಮುಖ ನೋಡದೆ ಹೇಳಿದ: "ಇಲ್ಲೀ ಮಾತು ಇಲ್ಲಿಗಿ ಮುಗೀತ್ರಿ. ಭಾಲ್ಕಿಗಿ ಹೋಗಿ ಮುಟ್ಟಿದ್ದು?"

ಮಡೆಪ್ಪ ನೆಲ ನೋಡಿದ. ಸಂತೆಯಲ್ಲಿ ಅವನೇ ಯಾರೊಂದಿಗೋ ಆಡಿದ್ದ ಮಾತು ಹುಡುಗನ ತಂದೆ ನೋಹರ ಕಿವಿಗೆ ಬಿದ್ದಿತ್ತು. ಅಣ್ಣನ ಕಾರು ಕೆಡಿಸಿ ಮುಚ್ಚಿಟ್ಟವನ ಮನೆಯ ಹೆಣ್ಣು ಹೇಗಿದ್ದಾಳೋ ಎಂದು ಅವರು ನಿಶ್ಚಿತಾರ್ಥದ ಮಾತನ್ನು ಮುಂದೂಡಿದ್ದರು. ಸ್ವೀಟಿ ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬಂದು ದೊಡ್ಡವ್ವನನ್ನು ಮಾತಾಡಿಸಲಿಲ್ಲ.

ಆವತ್ತೇ ಭಾಲ್ಕಿಗೆ ಹೋದರು. ಸ್ಟೀಫನ ಹಿಂದಿನ ಸೀಟಿನಲ್ಲಿ ಕೂತ. ನೋಹ ಎಲ್ಲ ಕೇಳಿ, ಕಪ್ಪು ತುಂಡನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು:

"ಮನಿ ಮರ್ಯಾದಿ ಉಳಸಲಿಕ್ಕ ಬಂದು ಹಿಂಗ ಹೇಳ್ಲಿಕತ್ತೀರೋ ಏನೋ. ನಾ ಹ್ಯಾಂಗ ನಂಬ್ಲಿರಿ?"

ಸತ್ಯ ಹೇಳುತ್ತಿರುವಾಗ ಎದುರಿನ ಕಣ್ಣು ತಮ್ಮನ್ನು ಹೀಗೆ ಅಳೆದದ್ದು ಗ್ರೇಸರಿಗೆ ನೆನಪಿರಲಿಲ್ಲ. ಸ್ಟೀಫನ ಅಂಗಳದಲ್ಲಿ ನಿಂತು ಏನು ಅನುಭವಿಸಿರಬೇಕೆಂದು ಆಗ ತಿಳಿಯಿತು.

"ನಂಬಬ್ಯಾಡ್ರಿ," ಎಂದರು. "ಬೀದರದಾಗ ಖಾಜಾ ಮಿಯಾಗ ಕೇಳ್ರಿ. ನಿಮ್ಮೂರಾಗೇ ಮಹಾಮಾಯಾ ಟೀಚರ್ ಇದ್ದಾರ, ಅವರಿಗಿ ಕೇಳ್ರಿ. ಒಬ್ಬರ ಮುಂದ ಒಬ್ಬರಿಗಿ ಕೇಳಬ್ಯಾಡ್ರಿ, ಬ್ಯಾರೆ ಬ್ಯಾರೆ ಕೇಳ್ರಿ. ಆಮ್ಯಾಲ ನಂಬ್ರಿ."

ನೋಹ ನಿಜಕ್ಕೂ ಕೇಳಿದರು. ಬೀದರಿಗೆ ಬಂದು ಗ್ಯಾರೇಜಿನಲ್ಲಿ ನಿಂತು ಕೇಳಿದರು, ಮಹಾಮಾಯಾರ ಕಾರಿನ ಕೆಳಗೂ ಬಗ್ಗಿ ನೋಡಿದರು. ಕ್ರಿಸ್‌ಮಸ್ ಮುಗಿದ ಮೇಲೆ ಭಾಲ್ಕಿಯಲ್ಲಿ ನಿಶ್ಚಿತಾರ್ಥವಾಯಿತು. ಆ ಬೆಳಿಗ್ಗೆ ಹೊರಡುವಾಗ ಗ್ರೇಸ ಕೀಲಿಯನ್ನು ಮೈದುನನ ಮುಂದೆ ಹಿಡಿದರು.

"ಬ್ಯಾಡ್ರಿ ವೈನಿ," ಎಂದ ಸ್ಟೀಫನ. "ನೀವೇ ಓಡಸ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಕೈ ಮುಂದೆ ಬರಲಿಲ್ಲ. ಗ್ರೇಸ ಮತ್ತೆ ಒತ್ತಾಯಿಸಲಿಲ್ಲ.

ಕಾರ್ಯ ಮುಗಿಸಿ ಮಧ್ಯಾಹ್ನ ಭಾಲ್ಕಿಯಿಂದ ಹೊರಟಾಗ ರಸ್ತೆಯ ಎರಡೂ ಕಡೆ ತೊಗರಿ ಕೊಯ್ಲು ನಡೆದಿತ್ತು. ಹಿಂದಿನ ಸೀಟಿನಲ್ಲಿ ಸ್ವೀಟಿ ಹೊಸ ಉಂಗುರ ತಿರುಗಿಸುತ್ತ ದೊಡ್ಡವ್ವನಿಗೆ ಬೀಗರ ಮನೆಯ ಸುದ್ದಿ ಹೇಳುತ್ತಿದ್ದಳು. ಯೇಸಪ್ಪ ಸ್ವಲ್ಪ ಹೊತ್ತು ಹೊಲಗಳನ್ನು ನೋಡಿದರು. ಆಮೇಲೆ ಅವರ ತಲೆ ಮೆಲ್ಲಗೆ ಕಿಟಕಿಯ ಕಡೆ ವಾಲಿತು. ಗ್ರೇಸ ಗಾಬರಿಯಾಗಿ ಗಂಡನ ಕಡೆ ತಿರುಗಿದರು.

ಹಿಂದಿನಿಂದ ಸ್ಟೀಫನ ಮುಂದಕ್ಕೆ ಬಾಗಿ ಅಣ್ಣನ ಮುಖ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಏನಿಲ್ರಿ ವೈನಿ, ನಿದ್ದಿ ಹತ್ತ್ಯದ. ನೀವು ರೋಡ ನೋಡ್ರಿ."